ಹೆಚ್ಚು ರಂಧ್ರ ಬಂದ ಪುಡಿಯೇ ಬಿಲ್ಲೆ ಒತ್ತಿದಾಗ ಕುಸಿದದ್ದು ಏಕೆ?

ಬಿಲ್ಲೆ ಒಡೆದವಳು, ಮೈಸೂರು

ಎಲ್ಲರಿಗೂ ನಮಸ್ಕಾರ. ಕೊಳವೆಬಾವಿ ನೀರಿನಿಂದ ಫ್ಲೋರೈಡ್ ತೆಗೆಯಲು ಯುಐಓ-66 ಎಂಬ ಜಿರ್ಕೋನಿಯಂ ಮಾಫ್ ತಯಾರಿಸುತ್ತಿರುವ ಸಂಶೋಧನಾ ವಿದ್ಯಾರ್ಥಿನಿ ನಾನು. ಮಾಫ್ ಎಂದರೆ ಲೋಹದ ಗಂಟುಗಳನ್ನು ಸಾವಯವ ಕೊಂಡಿಗಳಿಂದ ಬೆಸೆದ ಹಂದರ, ಒಳಗೆಲ್ಲ ಟೊಳ್ಳು. ಪುಡಿಯನ್ನು ಹಾಗೆಯೇ ಕೊಳವೆಗೆ ತುಂಬಿದರೆ ಕೆಸರಿನಂತೆ ಕಟ್ಟಿಕೊಂಡು ನೀರು ಇಳಿಯುವುದೇ ಇಲ್ಲ. ಆದ್ದರಿಂದ ಬಿಲ್ಲೆ ಒತ್ತಿ, ಒಡೆದು, ಜರಡಿ ಹಿಡಿದು ಕಾಳು ಮಾಡಿಕೊಳ್ಳುತ್ತೇನೆ.

ನನ್ನ ಬಳಿ ಎರಡು ತಂಡದ ಪುಡಿ ಇವೆ. ಹರಳು ಬೆಳೆಸುವಾಗ ಮೊದಲನೆಯದಕ್ಕೆ ಫಾರ್ಮಿಕ್ ಆಮ್ಲ ಧಾರಾಳವಾಗಿ ಸುರಿದಿದ್ದೆ. ಅನಿಲ ಹೀರಿಸಿ ರಂಧ್ರಗಳ ಒಳಮೈಯನ್ನೂ ಅಳೆಯುವ ಬಿಇಟಿ ಪರೀಕ್ಷೆಯಲ್ಲಿ ಮೇಲ್ಮೈ ಗ್ರಾಂಗೆ 1480 ಚದರ ಮೀಟರ್ ಬಂತು. ಎರಡನೆಯದಕ್ಕೆ ಅಸಿಟಿಕ್ ಆಮ್ಲ ತುಸುವೇ, ಬಂದದ್ದು 1130. ಮೊದಲನೆಯದನ್ನು ನೋಡಿ ಪ್ರಯೋಗಾಲಯದಲ್ಲಿ ಎಲ್ಲರಿಗೂ ಪೇಡಾ ಹಂಚಿದ್ದೆ. ಬಿಲ್ಲೆ ಒತ್ತಿದ ಮೇಲೆ ಅಳೆದರೆ ಮೊದಲನೆಯದು 610ಕ್ಕೆ ಇಳಿದಿದೆ, ಹರಳಿನ ಕ್ರಮ ತೋರಿಸುವ ಎಕ್ಸ್-ರೇ ಶಿಖರಗಳು ಚಪ್ಪಟೆಯಾಗಿವೆ. ಎರಡನೆಯದು 940ರಲ್ಲೇ ನಿಂತಿದೆ. ಅಚ್ಚು ಒಂದೇ, ಯಂತ್ರ ಒಂದೇ, ಒತ್ತಿದ ಕೈಯೂ ಒಂದೇ. ಚೆನ್ನಾಗಿದ್ದದ್ದು ಕೆಟ್ಟಿತು, ಸಾಧಾರಣವಾದದ್ದು ಉಳಿಯಿತು. ಎಲ್ಲಿ ತಪ್ಪಿದೆ?

ಮಾತ್ರೆ ಒತ್ತುವವ, ನಂಜನಗೂಡು

ಮೇಡಂ, ಮಾಫ್ ನನಗೆ ತಿಳಿಯದು. ನಾನು ಔಷಧ ಕಾರ್ಖಾನೆಯಲ್ಲಿ ಮಾತ್ರೆ ಒತ್ತುವ ವಿಭಾಗದವನು. ಯಾವ ಅಚ್ಚು? ಎಷ್ಟು ಟನ್? ಎಷ್ಟು ಹೊತ್ತು ಹಿಡಿದಿರಿ? ಬಿಲ್ಲೆಯ ತಲೆ ಟೋಪಿಯಂತೆ ಕಳಚಿ ಬಂತೇ, ಇಲ್ಲ ಒಟ್ಟಾರೆ ಪುಡಿಯಾಯಿತೇ?

ಬಿಲ್ಲೆ ಒಡೆದವಳು, ಮೈಸೂರು

ಅವಗೆಂಪು ಪರೀಕ್ಷೆಗೆ ಪೊಟ್ಯಾಸಿಯಂ ಬ್ರೋಮೈಡ್ ಬಿಲ್ಲೆ ಮಾಡುವ 13 ಮಿಲಿಮೀಟರಿನ ಅಚ್ಚು. 5 ಟನ್, ಎರಡು ನಿಮಿಷ. ಕೆಲವು ಬಿಲ್ಲೆಗಳ ತಲೆ ಕಳಚಿತು. ಉಳಿದವು ನೋಡಲು ಗಟ್ಟಿಯಾಗಿಯೇ ಇದ್ದವು, ಮೊದಲ ತಂಡದವು ಗಾಜಿನಂತೆ ಹೊಳೆಯುತ್ತಿದ್ದವು. ಅದನ್ನೇ ನಾನು ಒಳ್ಳೆಯ ಲಕ್ಷಣ ಎಂದುಕೊಂಡಿದ್ದೆ.

ಹರಳುಗಣ್ಣು

ಆ ಹೊಳಪೇ ಕೆಟ್ಟ ಸುದ್ದಿ. ರಂಧ್ರಗಳು ಕುಸಿದು ಹಂದರ ಕ್ರಮ ಕಳೆದುಕೊಂಡು ಅಸ್ಫಟಿಕವಾದರೆ ಬಿಲ್ಲೆ ಬಿಗಿಯಾಗಿ ಕೂರುತ್ತದೆ, ಬೆಳಕು ಹಾಯುತ್ತದೆ. ಬಿಲ್ಲೆ ಗಟ್ಟಿಯಾಯಿತು, ಒಳಗಿನ ಹರಳು ಸತ್ತಿತು.

ಮೊದಲು 5 ಟನ್ ಎಂದರೆ ಏನೆಂದು ಲೆಕ್ಕ ಹಾಕಿ. 13 ಮಿಲಿಮೀಟರ್ ವ್ಯಾಸದ ವೃತ್ತದ ಕ್ಷೇತ್ರ ಸುಮಾರು 133 ಚದರ ಮಿಲಿಮೀಟರ್. 5 ಟನ್ ಭಾರ 49 ಕಿಲೋನ್ಯೂಟನ್. ಭಾಗಿಸಿದರೆ ಸುಮಾರು 370 ಮೆಗಾಪಾಸ್ಕಲ್. ಜಿಫ್-8 ಎಂಬ ಸತುವಿನ ಹಂದರ, ಸುತ್ತಲಿಂದ ಸಮವಾಗಿ ಹಿಂಡಿದರೂ 340 ಮೆಗಾಪಾಸ್ಕಲ್‌ಗೆ ತನ್ನ ಕ್ರಮ ಕಳೆದುಕೊಳ್ಳುತ್ತದೆ. ಮಾಫ್-5 ಅಂತೂ ಪುಡಿಯಾಗಿ ಒತ್ತಿದಾಗ 3.5 ಮೆಗಾಪಾಸ್ಕಲ್‌ಗೇ ಕುಸಿಯಿತೆಂಬ ವರದಿ ಇದೆ. ಅಚ್ಚಿನೊಳಗೆ ಒತ್ತಡ ಸಮವಾಗಿಯೂ ಇರುವುದಿಲ್ಲ. ಕಾಳಿಗೆ ಕಾಳು ತಾಗುವ ತುದಿಯಲ್ಲಿ ಲೆಕ್ಕಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಉಪ್ಪಿಗೆ ಮಾಡಿದ ಅಚ್ಚಿನಲ್ಲಿ, ಉಪ್ಪಿಗೆ ಹೇಳಿದ ಭಾರದಲ್ಲಿ ಟೊಳ್ಳು ಹರಳನ್ನು ಒತ್ತಿದ್ದೀರಿ.

ಆದರೂ ಎರಡನೆಯ ತಂಡ ತಡೆದುಕೊಂಡಿತು ಎನ್ನುತ್ತೀರಿ. ಅಲ್ಲೇ ವಿಷಯ ಇರುವುದು. ದೋಷವಿಲ್ಲದ ಯುಐಓ-66ಕ್ಕೆ ಲೆಕ್ಕದ ಪ್ರಕಾರ ಬರಬೇಕಾದ ಮೇಲ್ಮೈ ಗ್ರಾಂಗೆ ಸುಮಾರು 1200 ಚದರ ಮೀಟರ್. ನಿಮಗೆ 1480 ಬಂದಿದೆ. ಪರಿಪೂರ್ಣ ಹರಳಿಗೇ ಇಲ್ಲದಷ್ಟು ಮೇಲ್ಮೈ ನಿಮ್ಮದಕ್ಕೆ ಎಲ್ಲಿಂದ ಬಂತು? ಪೇಡಾ ಹಂಚುವ ಮೊದಲು ಇದನ್ನು ಕೇಳಿಕೊಳ್ಳಬೇಕಿತ್ತು.

ಬಿಲ್ಲೆ ಒಡೆದವಳು, ಮೈಸೂರು

ಕೊಂಡಿಗಳು ತಪ್ಪಿಹೋಗಿವೆ ಎನ್ನುತ್ತಿದ್ದೀರಾ?

ಹರಳುಗಣ್ಣು

ಹೌದು. ಆರು ಜಿರ್ಕೋನಿಯಂಗಳ ಗಂಟಿಗೆ ಹನ್ನೆರಡು ತೋಳು. ಪ್ರತಿ ಟೆರಿಫ್ತಾಲೇಟ್ ಕೊಂಡಿಯನ್ನು ಎರಡು ಗಂಟುಗಳು ಹಂಚಿಕೊಳ್ಳುವುದರಿಂದ ಗಂಟಿಗೆ ಆರು ಕೊಂಡಿ ಎಂದು ಲೆಕ್ಕ. ಅಡುಗೆಯಲ್ಲಿ ಫಾರ್ಮಿಕ್ ಆಮ್ಲ ಅತಿಯಾದರೆ ಫಾರ್ಮೇಟ್ ಬಂದು ಕೊಂಡಿಯ ಜಾಗದಲ್ಲಿ ಕೂರುತ್ತದೆ. ಅದಕ್ಕೆ ಇರುವುದು ಒಂದೇ ಕೈ. ಈ ಗಂಟನ್ನು ಹಿಡಿಯುತ್ತದೆ, ಆಚೆಯದನ್ನು ಹಿಡಿಯಲಾರದು. ಭಾರದ ಕೊಂಡಿ ಹೋಗಿ ಹಗುರಾದದ್ದು ಬಂದಿತು, ಕಿಟಕಿ ಅಗಲವಾಯಿತು. ಗ್ರಾಂ ಲೆಕ್ಕದಲ್ಲಿ ಮೇಲ್ಮೈ ಏರಿತು, ತೊಲೆ ಮಾತ್ರ ಇಲ್ಲ.

ಹಳೇ ಮೇಷ್ಟ್ರು, ಮಂಡ್ಯ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಪಾಠ ಹೇಳುವಾಗ ಇದಕ್ಕೆ ಮೈಸೂರು ಪಾಕ್ ಉದಾಹರಣೆ ಕೊಡುತ್ತಿದ್ದೆ. ತುಪ್ಪ ಚೆನ್ನಾಗಿ ಕಾದು ನೊರೆಯೆದ್ದ ಗಟ್ಟಿ ಪಾಕ್‌ನ ತುಂಡನ್ನು ಮುರಿದು ನೋಡಿ, ಮೈತುಂಬ ತೂತು. ತೂತು ಹೆಚ್ಚಾದಷ್ಟೂ ಬಾಯಲ್ಲಿ ಬೇಗ ಪುಡಿಯಾಗುತ್ತದೆ. ಅಂದರೆ ರಂಧ್ರ ಏರಿದರೆ ಬಲ ಇಳಿಯುತ್ತದೆ, ಅಷ್ಟೇ ಅಲ್ಲವೇ?

ಹರಳುಗಣ್ಣು

ಮೇಷ್ಟ್ರೇ, ನಿಮ್ಮ ಮುಂದೆ ವಾದಿಸಲು ಹಿಂಜರಿಕೆ. ಆದರೆ ಈ ಹೋಲಿಕೆಯಲ್ಲಿ ಒಂದು ತೊಡಕಿದೆ. ಪಾಕ್‌ನ ತೂತು ಗಾಳಿಗುಳ್ಳೆ, ಯಾವ ಕ್ರಮವೂ ಇಲ್ಲದೆ ಬಂದದ್ದು. ಮಾಫ್‌ನ ರಂಧ್ರ ನಕ್ಷೆಯಲ್ಲಿಯೇ ಇರುವ ಕೋಣೆ. ಕೋಣೆಯಿದ್ದ ಮಾತ್ರಕ್ಕೆ ಮನೆ ಬೀಳುವುದಿಲ್ಲ, ಕೋಣೆಯ ತೊಲೆ ತೆಗೆದರೆ ಬೀಳಬಹುದು. ಟೊಳ್ಳು ಜಾಗ ಮತ್ತು ದೋಷ ಬೇರೆ ಬೇರೆ. ಬಿಇಟಿ ಯಂತ್ರಕ್ಕೆ ಮಾತ್ರ ಎರಡೂ ಒಂದೇ.

ಹಳೇ ಮೇಷ್ಟ್ರು, ಮಂಡ್ಯ

ಒಪ್ಪಿದೆ. ಮೈಸೂರು ಪಾಕ್ ವಾಪಸು ಪಡೆದಿದ್ದೇನೆ, ತಿನ್ನುವುದಕ್ಕೆ.

2025ರಲ್ಲಿ ಕಿಟಗಾವಾ, ರಾಬ್ಸನ್, ಯಾಘಿ ಅವರಿಗೆ ನೊಬೆಲ್ ಬಂದಾಗ ಓದಿದ್ದು ನೆನಪಾಯಿತು. ರಾಬ್ಸನ್ ಅವರಿಗೆ ಈ ಹಂದರಗಳ ಯೋಚನೆ ಹೊಳೆದದ್ದು ಮೆಲ್ಬರ್ನ್‌ನಲ್ಲಿ ವಿದ್ಯಾರ್ಥಿಗಳಿಗೆ ಮಾದರಿ ಮಾಡಿಸಲು ಮರದ ಗುಂಡುಗಳಿಗೆ ತೂತು ಕೊರೆಸುವಾಗಲಂತೆ. ತೂತಿನ ಜಾಗವೇ ಕಡ್ಡಿ ಎತ್ತ ಹೋಗಬೇಕೆಂದು ಹೇಳುತ್ತದೆ. ಚನ್ನಪಟ್ಟಣದ ಗೊಂಬೆ ಮಾಡುವವರಿಗೆ ಹೇಳಿದರೆ ಒಂದು ಯುಐಓ-66 ಮಾಡಿಕೊಟ್ಟಾರು. ಹನ್ನೆರಡು ತೂತಿನ ಗುಂಡು ಹಾಕಿ ಕಟ್ಟಿ, ಒಂದೊಂದೇ ಕಡ್ಡಿ ಎಳೆಯುತ್ತ ಬಂದರೆ ಎಷ್ಟನೆಯದಕ್ಕೆ ಕುಸಿದೀತು?

ಸಾರುವೆ, ಶ್ರೀರಂಗಪಟ್ಟಣ

ಇದು ನನ್ನ ಕಸುಬಿನ ಪ್ರಶ್ನೆ. ತಂದೆಯ ಕಾಲದಿಂದ ಸಾರುವೆ ಕಟ್ಟಿಸುತ್ತೇವೆ. ಸರ್ವೆ ಕಂಬ, ಅಡ್ಡ, ಓರೆ. ಓರೆಗಂಬ ತೆಗೆದರೆ ನಿಂತ ಸಾರುವೆಗೆ ಮೇಲಿನಿಂದ ಸ್ವಲ್ಪ ಭಾರ ಇಟ್ಟಾಗ ತಕ್ಷಣ ಏನೂ ಆಗದಿರಬಹುದು. ಪಕ್ಕದಿಂದ ಗಾಳಿ ಬೀಸಿದಾಗ ಚೌಕವೆಲ್ಲ ಓರೆಯಾಗಿ ಮಲಗುತ್ತದೆ. ಎಷ್ಟನೆಯ ಕಡ್ಡಿಗೆ ಕುಸಿಯುತ್ತದೆ ಎಂದು ಕೇಳಬೇಡಿ ಮೇಷ್ಟ್ರೇ, ಎಲ್ಲಿಯದನ್ನು ಎಳೆದಿರಿ ಎಂದು ಕೇಳಿ. ಹತ್ತು ಕಡೆಯಿಂದ ಹತ್ತು ಕಂಬ ತೆಗೆದರೂ ನಿಂತದ್ದುಂಟು. ಒಂದೇ ಗಂಟಿನ ಸುತ್ತ ಮೂರು ತೆಗೆದು ಮಲಗಿದ್ದೂ ಉಂಟು.

ಲೆಕ್ಕದವಳು

ಸಾರುವೆಯವರು ಹೇಳಿದ್ದು ಅಕ್ಷರಶಃ ನಮ್ಮ ಕ್ಷೇತ್ರದ ತೀರ್ಮಾನ. ನಾನು ಗಣಕದಲ್ಲಿ ಹಂದರಗಳನ್ನು ಹಿಂಡುವವಳು.

ಟೊಳ್ಳು ಹಂದರ ಸಾಮಾನ್ಯವಾಗಿ ಸುಮ್ಮನೆ ಹಿಂಡಿದ್ದಕ್ಕೆ ಸಾಯುವುದಿಲ್ಲ, ಜಾರಿ ಓರೆಯಾಗಿ ಸಾಯುತ್ತದೆ. ಆದ್ದರಿಂದ ನೋಡಬೇಕಾದ ಅಂಕಿ ಜಾರು ಒತ್ತಡವನ್ನು ತಡೆಯುವ ಗುಣಾಂಕ. ಯುಐಓ-66ಕ್ಕೆ ಇದು ಲೆಕ್ಕದಲ್ಲಿ 14 ಗಿಗಾಪಾಸ್ಕಲ್‌ಗೆ ತುಸು ಕಡಿಮೆ. ಜಿಫ್-8ಕ್ಕೆ ಅಳೆದದ್ದು 1 ಗಿಗಾಪಾಸ್ಕಲ್ಲೂ ಇಲ್ಲ. ಈ ಅಂತರಕ್ಕೆ ದೊಡ್ಡ ಕಾರಣ ಆ ಹನ್ನೆರಡು ತೋಳು. ಎಲ್ಲ ದಿಕ್ಕಿಗೂ ಓರೆಗಂಬ ಇದ್ದಂತೆ. ಅಲ್ಲಿಂದ ಕೊಂಡಿ ತೆಗೆಯುತ್ತ ಹೋದರೆ ಮೊದಲು ಕಳೆದುಕೊಳ್ಳುವುದು ಈ ಸವಲತ್ತನ್ನೇ.

ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದವರು ದೋಷರಹಿತ ಯುಐಓ-66ಅನ್ನು ಗಣಕದಲ್ಲಿ ಹಿಂಡಿದಾಗ ಅದು ಸುಮಾರು 1.8 ಗಿಗಾಪಾಸ್ಕಲ್‌ವರೆಗೆ ತಡೆಯಿತು. ಕೊಂಡಿ ತೆಗೆದಾಗ ಆ ಮಿತಿ ಇಳಿಯಿತು. ತೆಗೆದ ಕೊಂಡಿಗಳ ಸಂಖ್ಯೆ ಒಂದೇ ಇದ್ದರೂ ಜಾಗ ಬೇರೆಯಾದರೆ ಮಿತಿಯೂ ಬೇರೆ. ನಿಜವಾದ ಪುಡಿ ಇದಕ್ಕಿಂತ ಬಹಳ ಕೆಳಗೇ ಸೋಲುತ್ತದೆ, ಏಕೆಂದರೆ ಗಣಕದ ಹರಳಿಗೆ ಬಿರುಕೂ ಇಲ್ಲ, ಅಂಚೂ ಇಲ್ಲ, ನಿಮ್ಮ ಅಚ್ಚೂ ಇಲ್ಲ.

ಹರಳುಗಣ್ಣು

ಒಂದು ಸೇರಿಸುತ್ತೇನೆ. ಕೊಂಡಿ ಮಾತ್ರವಲ್ಲ, ಇಡೀ ಗಂಟೇ ತಪ್ಪಿಹೋಗಬಹುದು. ಹಾಫ್ನಿಯಂನಿಂದ ಮಾಡಿದ ಇದೇ ಹಂದರದಲ್ಲಿ ಗಂಟು ತಪ್ಪಿದ ಜಾಗಗಳು ಎಲ್ಲೆಂದರಲ್ಲಿ ಚೆದುರಿರದೆ, ಕ್ರಮವಾಗಿ ಗುಂಪುಗೂಡಿ ನ್ಯಾನೋ ಗಾತ್ರದ ವಠಾರಗಳಾಗಿವೆ ಎಂದು 2014ರಲ್ಲಿ ತೋರಿಸಲಾಯಿತು. ಆ ವಠಾರದೊಳಗೆ ನಾಲ್ಕರಲ್ಲಿ ಒಂದು ಗಂಟು ಇಲ್ಲ, ಉಳಿದ ಗಂಟುಗಳಿಗೆ ಹನ್ನೆರಡರ ಬದಲು ಎಂಟೇ ತೋಳು.

ನಿಮ್ಮ ಎಕ್ಸ್-ರೇಯಲ್ಲಿ ಇದನ್ನು ಹುಡುಕಬಹುದು. ತಾಮ್ರದಿಂದ ಹೊರಡುವ ಎಕ್ಸ್-ರೇ ಕಿರಣ ಬಳಸಿದರೆ ಯುಐಓ-66ರ ಮೊದಲ ಶಿಖರ 7.4 ಡಿಗ್ರಿ ಕೋನದ ಬಳಿ. ಗಂಟು ತಪ್ಪಿದ ವಠಾರಗಳಿದ್ದರೆ ಅದಕ್ಕೂ ಮುಂಚೆ, 4ರಿಂದ 7 ಡಿಗ್ರಿ ನಡುವೆ ಒಂದು ಅಗಲ ಉಬ್ಬು ಕಾಣುತ್ತದೆ. ಬಹುಮಂದಿ 5 ಡಿಗ್ರಿಯಿಂದ ಆರಂಭಿಸಿ ಉಬ್ಬಿನ ಅರ್ಧವನ್ನೇ ಕತ್ತರಿಸಿಬಿಡುತ್ತಾರೆ. 2 ಡಿಗ್ರಿಯಿಂದ ಹಿಡಿಯಿರಿ.

ಕೊಂಡಿ ಎಣಿಸುವುದಕ್ಕೆ ಟಿಜಿಎ ಸಾಕು, ಅಂದರೆ ಬಿಸಿ ಮಾಡುತ್ತ ತೂಕ ಇಳಿಯುವುದನ್ನು ಗೆರೆಯಾಗಿ ಬರೆಯುವ ಪರೀಕ್ಷೆ. ಮಾಡಿಸಿದ್ದೀರಾ?

ಬಿಲ್ಲೆ ಒಡೆದವಳು, ಮೈಸೂರು

ಮಾಡಿಸಿದ್ದೆ, ನೈಟ್ರೋಜನ್‌ನಲ್ಲಿ. ಕೊನೆಗೆ ಉಳಿದದ್ದು ಕರಿ ಪುಡಿ. ಶೇಕಡಾ ಲೆಕ್ಕ ಯಾವುದಕ್ಕೂ ಹೊಂದಲಿಲ್ಲ, ಪಕ್ಕಕ್ಕಿಟ್ಟೆ.

ಹರಳುಗಣ್ಣು

ಕರಿ ಬಂದರೆ ಅದರಲ್ಲಿ ಇಂಗಾಲ ಉಳಿದಿದೆ ಎಂದರ್ಥ. ಗಾಳಿಯಲ್ಲಿ ಸುಡಬೇಕು. ಮೂಸೆಯಲ್ಲಿ ಅಚ್ಚ ಬಿಳಿಯ ಜಿರ್ಕೋನಿಯಾ ಮಾತ್ರ ಉಳಿಯಬೇಕು. ಆ ಬಿಳಿಯ ತೂಕವನ್ನು 100 ಎಂದು ಇಟ್ಟುಕೊಳ್ಳಿ. ನೀರೂ ಫಾರ್ಮೇಟೂ ಹೋದ ಮೇಲೆ, ಕೊಂಡಿ ಸುಡುವ ಮುನ್ನ, ಗೆರೆ ಸ್ವಲ್ಪ ಹೊತ್ತು ಮಟ್ಟಸವಾಗುತ್ತದೆ. ಆರು ಕೊಂಡಿಯೂ ಇದ್ದರೆ ಆ ಮಟ್ಟ 220. ನಡುವಿನ 120 ಆರು ಕೊಂಡಿಗಳದ್ದು, ಅಂದರೆ ಒಂದು ಕೊಂಡಿಗೆ 20. ಗೆರೆ 200ರಲ್ಲಿ ನಿಂತರೆ ಗಂಟಿಗೆ ಒಂದು ಕೊಂಡಿ ಇಲ್ಲ. ಕಾಗದ ಬೇಡ, ಬೆರಳಲ್ಲಿ ಎಣಿಸಬಹುದು.

ಮಾತ್ರೆ ಒತ್ತುವವ, ನಂಜನಗೂಡು

ಕೊಂಡಿಯ ವಿಷಯ ನೀವು ನೋಡಿಕೊಳ್ಳಿ. ತಲೆ ಕಳಚಿದ್ದಕ್ಕೆ ನಮ್ಮಲ್ಲಿ ಕ್ಯಾಪಿಂಗ್ ಎನ್ನುತ್ತೇವೆ. ಪುಡಿಯೊಳಗೆ ಸಿಕ್ಕಿಕೊಂಡ ಗಾಳಿ, ಒತ್ತಡ ಬಿಟ್ಟ ಕೂಡಲೇ ಹಿಗ್ಗುವ ಪುಡಿ, ಎರಡೂ ಸೇರಿ ತಲೆ ಎಗರಿಸುತ್ತವೆ. ಭಾರ ಹೆಚ್ಚಿಸಿದರೆ ಸರಿಹೋಗುತ್ತದೆ ಎಂದು ಹೊಸಬರು ಇನ್ನೂ ಒತ್ತುತ್ತಾರೆ, ಇನ್ನೂ ಕಳಚುತ್ತದೆ. ಮೊದಲು ಮೆಲ್ಲಗೆ ಒತ್ತಿ ಗಾಳಿ ಹೋಗಲು ಬಿಡಿ, ಆಮೇಲೆ ನಿಜವಾದ ಭಾರ ಕೊಟ್ಟು ಹಿಡಿದಿಡಿ, ಬಿಡುವಾಗಲೂ ನಿಧಾನ. ನಿಮ್ಮ ಅಚ್ಚಿಗೆ ಅರ್ಧ ಟನ್ನಿನಿಂದ ಆರಂಭಿಸಿ, ಅದೇ ಸುಮಾರು 37 ಮೆಗಾಪಾಸ್ಕಲ್ ಆಯಿತು. ಬಲ ಸಾಲದಿದ್ದರೆ ಅಂಟು ಸೇರಿಸಿ. ಅಂಟಿನ ಕೆಲಸವನ್ನು ಭಾರದಿಂದ ಮಾಡಿಸಬೇಡಿ.

ಹಳೇ ಮೇಷ್ಟ್ರು, ಮಂಡ್ಯ

ಯಾವ ಅಂಟು?

ಹರಳುಗಣ್ಣು

ಪಾಲಿವಿನೈಲ್ ಆಲ್ಕೋಹಾಲ್, ಪಾಲಿವಿನೈಲ್ ಬ್ಯುಟಿರಾಲ್, ಹೀಗೆ. ಜಿರ್ಕೋನಿಯಂ ಮಾಫ್‌ಗೆ ಸಕ್ಕರೆಯನ್ನೇ ಅಂಟಾಗಿ ಹಾಕಿ ಕಾಳು ಮಾಡಿದವರೂ ಇದ್ದಾರೆ ಮೇಷ್ಟ್ರೇ, ನಿಮ್ಮೂರಿಗೆ ಹೆಮ್ಮೆ. ಆದರೆ ಅದು ಅನಿಲ ತುಂಬಿಡುವ ಕೆಲಸಕ್ಕೆ. ನೀರಿನ ಕೊಳವೆಯಲ್ಲಿ ಸಕ್ಕರೆ ಕರಗಿ ಹೋದೀತು.

ಹಳೇ ಮೇಷ್ಟ್ರು, ಮಂಡ್ಯ

ಫ್ಲೋರೈಡ್ ಬದಲು ಪಾನಕ. ಸರಿ, ಸುಮ್ಮನಿರುತ್ತೇನೆ.

ಲೆಕ್ಕದವಳು

ಒಣಗಿಸಿದ್ದು ಹೇಗೆ ಎಂದು ಯಾರೂ ಕೇಳಲಿಲ್ಲ. ಕೆಲವು ಹರಳುಗಳು ಅಚ್ಚಿಗೆ ಹೋಗುವ ಮುನ್ನವೇ ಬಿರುಕು ಬಿಟ್ಟಿರುತ್ತವೆ.

ಬಿಲ್ಲೆ ಒಡೆದವಳು, ಮೈಸೂರು

ನೀರಿನಲ್ಲಿ ತೊಳೆದು ನೇರವಾಗಿ ನಿರ್ವಾತ ಒಲೆಗೆ ಇಟ್ಟೆ. 120 ಡಿಗ್ರಿ, ರಾತ್ರಿಯಿಡೀ. ಎರಡೂ ತಂಡಕ್ಕೆ ಹಾಗೆಯೇ.

ಲೆಕ್ಕದವಳು

ನೀರಿನ ಮೇಲ್ಮೈ ಎಳೆತ ಮೀಟರ್‌ಗೆ 0.072 ನ್ಯೂಟನ್. 1 ನ್ಯಾನೋಮೀಟರ್ ತ್ರಿಜ್ಯದ ರಂಧ್ರದಲ್ಲಿ ನೀರು ಹಿಂದೆ ಸರಿಯುವಾಗ ಗೋಡೆಯನ್ನು ಎಳೆಯುವ ಒತ್ತಡ ಪಠ್ಯದ ಸೂತ್ರದಂತೆ 144 ಮೆಗಾಪಾಸ್ಕಲ್, ವಾತಾವರಣದ ಒತ್ತಡದ ಸಾವಿರದ ನಾನೂರು ಪಟ್ಟು. ಅಷ್ಟು ಚಿಕ್ಕ ಜಾಗದಲ್ಲಿ ಆ ಸೂತ್ರವನ್ನು ಪೂರ್ತಿ ನಂಬಬಾರದು, ಆದರೂ ಎಳೆತದ ಅಳತೆ ಗೊತ್ತಾಗುತ್ತದೆ. ಹನ್ನೆರಡು ತೋಳಿನ ಹಂದರ ತಡೆಯುತ್ತದೆ. ತೋಳು ತಪ್ಪಿದ್ದು ಅಲ್ಲಲ್ಲಿ ಬಾಗುತ್ತದೆ. ಅಸಿಟೋನ್‌ನಿಂದ ಎರಡು ಮೂರು ದಿನ ನೀರನ್ನು ಬದಲಿಸಿ ಆಮೇಲೆ ಒಣಗಿಸಿ. ಅನುಕೂಲವಿದ್ದವರು 31 ಡಿಗ್ರಿಗೂ ಮೇಲೆ, ಸುಮಾರು 73 ವಾತಾವರಣದ ಒತ್ತಡಕ್ಕೂ ಮೇಲೆ ಇಂಗಾಲದ ಡೈಆಕ್ಸೈಡ್‌ನಲ್ಲಿ ಒಣಗಿಸುತ್ತಾರೆ. ಅಲ್ಲಿ ದ್ರವ ಅನಿಲಗಳ ನಡುವೆ ಮೇಲ್ಮೈಯೇ ಇರುವುದಿಲ್ಲ, ಎಳೆತವೂ ಇಲ್ಲ.

ಸಾರುವೆ, ಶ್ರೀರಂಗಪಟ್ಟಣ

ಒಂದು ತಿಳಿಯಲಿಲ್ಲ. ಕೊಂಡಿ ತಪ್ಪಿದ್ದು ಇಷ್ಟು ಕೆಟ್ಟದ್ದಾದರೆ, ಎಲ್ಲ ಕೊಂಡಿಯೂ ಇರುವ ಹಾಗೆ ಮಾಡಿಬಿಡಬಾರದೇ? ಗೋಡೆಯಲ್ಲಿ ಬೇಕೆಂದೇ ಇಟ್ಟಿಗೆ ಬಿಟ್ಟು ಕಟ್ಟುವವರನ್ನು ನಾನು ಕಂಡಿಲ್ಲ.

ಹರಳುಗಣ್ಣು

ಮಾಡಬಹುದು. ಕೊಂಡಿಯನ್ನು ಎರಡು ಪಟ್ಟು ಹಾಕಿ 220 ಡಿಗ್ರಿಯಲ್ಲಿ ಬೇಯಿಸಿದರೆ ದೋಷ ಬಹುಮಟ್ಟಿಗೆ ಹೋಗುತ್ತದೆ. ಸಾಮಾನ್ಯ ಅಡುಗೆ 120 ಡಿಗ್ರಿಯದು. ತಯಾರಾದ ಪುಡಿಯನ್ನು ಕೊಂಡಿಯ ದ್ರಾವಣದಲ್ಲಿ ನೆನೆಸಿ ತಪ್ಪಿದ ಜಾಗಗಳನ್ನು ಸ್ವಲ್ಪ ಮಟ್ಟಿಗೆ ತುಂಬಿಸುವುದೂ ಉಂಟು.

ಆದರೆ ಈ ತಂಗಿಯ ಕೆಲಸ ಫ್ಲೋರೈಡ್ ಹಿಡಿಯುವುದು. ಫ್ಲೋರೈಡ್ ಬಂದು ಕೂರುವುದು ಜಿರ್ಕೋನಿಯಂ ಮೇಲೆ, ಹೈಡ್ರಾಕ್ಸಿಲ್ ಬಿಟ್ಟುಕೊಟ್ಟ ಜಾಗದಲ್ಲಿ. ಕೊಂಡಿ ತಪ್ಪಿದ ಕಡೆ ಅಂಥ ಜಾಗ ಹೆಚ್ಚು, ಅಲ್ಲಿಗೆ ದಾರಿಯೂ ಅಗಲ. ಎಲ್ಲ ಕೊಂಡಿ ತುಂಬಿಸಿದರೆ ಹರಳು ಕಲ್ಲಿನಂತಿರುತ್ತದೆ, ಕೆಲಸ ಕಡಿಮೆ ಮಾಡುತ್ತದೆ. ನಿಮ್ಮ ಮಾತಿನಲ್ಲಿ ಹೇಳಬೇಕೆಂದರೆ ಬಿಟ್ಟ ಇಟ್ಟಿಗೆಯೇ ಇಲ್ಲಿ ಬಾಗಿಲು.

ಸಾರುವೆ, ಶ್ರೀರಂಗಪಟ್ಟಣ

ಹಾಗಾದರೆ ಎಷ್ಟು ಬಾಗಿಲು ಎಂಬುದು ಪ್ರಶ್ನೆ. ಮನೆ ಕಟ್ಟಿಸುವವರೂ ಇದನ್ನೇ ಕೇಳುತ್ತಾರೆ. ನಾವು ತಂದೆಯವರನ್ನು ಕೇಳಿ ಹೇಳುತ್ತಿದ್ದೆವು.

ಬಿಲ್ಲೆ ಒಡೆದವಳು, ಮೈಸೂರು
*(ಎರಡು ವಾರದ ನಂತರ)*

ಟಿಜಿಎ ಮತ್ತೆ ಮಾಡಿಸಿದೆ, ಗಾಳಿಯಲ್ಲಿ. ಯಂತ್ರ ನೋಡಿಕೊಳ್ಳುವ ಅಣ್ಣ ಮೂಸೆಯನ್ನು ಚಿಮಟದಲ್ಲಿ ಎತ್ತಿ ತೋರಿಸಿದರು. ತಳದಲ್ಲಿ ಉಗುರಿನ ಚೂರಿನಷ್ಟು, ಸುಣ್ಣದಂಥ ಬಿಳಿ.

ಮೊದಲ ತಂಡದ ಗೆರೆ 184ರಲ್ಲಿ ಮಟ್ಟಸವಾಯಿತು. 220ರಿಂದ 36 ಕಡಿಮೆ, ಅಂದರೆ ಗಂಟಿಗೆ 1.8 ಕೊಂಡಿ ಇಲ್ಲ. ತೋಳಿನ ಲೆಕ್ಕದಲ್ಲಿ ಹನ್ನೆರಡಕ್ಕೆ ಎಂಟು ಚಿಲ್ಲರೆ. ಎರಡನೆಯದು 212, ಅರ್ಧ ಕೊಂಡಿಯೂ ತಪ್ಪಿಲ್ಲ. ಎಕ್ಸ್-ರೇ 2 ಡಿಗ್ರಿಯಿಂದ ಹಿಡಿದೆ. ಮೊದಲನೆಯದರಲ್ಲಿ ಹರಳುಗಣ್ಣು ಅವರು ಹೇಳಿದ ಉಬ್ಬು ಇದೆ, ಎರಡನೆಯದರಲ್ಲಿ ಇಲ್ಲ. ಹಳೆಯ ಕಡತ ತೆಗೆದು ನೋಡಿದರೆ ನಾನು 5 ಡಿಗ್ರಿಯಿಂದಲೇ ಆರಂಭಿಸಿದ್ದೆ. ಉಬ್ಬಿನ ಬಾಲ ಅಲ್ಲಿಯೇ ಇತ್ತು, ಹಿನ್ನೆಲೆ ಎಂದುಕೊಂಡು ಕಳೆದುಹಾಕಿದ್ದೆ.

ಈ ನಡುವೆ ಮೂರನೆಯ ತಂಡ ಮಾಡಿದೆ. ಫಾರ್ಮಿಕ್ ಆಮ್ಲವನ್ನು ಅರ್ಧಕ್ಕೆ ಇಳಿಸಿದೆ, ಮೂರು ದಿನ ಅಸಿಟೋನ್‌ನಲ್ಲಿ ಇಟ್ಟೆ. ಗೆರೆ 201ರ ಬಳಿ ನಿಂತಿತು, ಹೆಚ್ಚು ಕಡಿಮೆ ಒಂದು ಕೊಂಡಿ ಇಲ್ಲ. ಅರ್ಧ ಟನ್, ಎರಡು ಹಂತದಲ್ಲಿ, ಸ್ವಲ್ಪ ಪಾಲಿವಿನೈಲ್ ಬ್ಯುಟಿರಾಲ್ ಸೇರಿಸಿ ಒತ್ತಿದೆ. ಹೊಳಪಿಲ್ಲ, ಸೀಮೆಸುಣ್ಣದ ಹಾಗೆ ಮಂಕು. ತಲೆ ಕಳಚಲಿಲ್ಲ. ಮೇಲ್ಮೈ 1290ರಿಂದ 1170ಕ್ಕೆ ಇಳಿಯಿತು, ಅಂಟಿನ ತೂಕವೂ ಅದರಲ್ಲಿ ಸೇರಿದೆ. ಪೇಡಾ ಹಂಚಿಲ್ಲ.

ಮಾತ್ರೆ ಒತ್ತುವವ, ನಂಜನಗೂಡು

ಮೇಜಿನಿಂದ ಬೀಳಿಸಿ ನೋಡಿದಿರಾ?

ಬಿಲ್ಲೆ ಒಡೆದವಳು, ಮೈಸೂರು

ಬೇಕೆಂದು ಬೀಳಿಸಲಿಲ್ಲ, ಕೈತಪ್ಪಿ ಒಂದು ಬಿತ್ತು. ಅಂಚು ಮುಕ್ಕಾಯಿತು, ಎರಡಾಗಲಿಲ್ಲ.

ಮಾತ್ರೆ ಒತ್ತುವವ, ನಂಜನಗೂಡು

ಹಾಗಾದರೆ ಒಳ್ಳೆಯ ಮಾತ್ರೆ. ಮುಕ್ಕಾಗುವುದನ್ನು ನಾವೂ ಒಂದಿಷ್ಟು ಒಪ್ಪುತ್ತೇವೆ.

ಲೆಕ್ಕದವಳು

ನೀರಿನಲ್ಲಿ?

ಬಿಲ್ಲೆ ಒಡೆದವಳು, ಮೈಸೂರು

ಒಡೆದ ಕಾಳುಗಳನ್ನು ನಮ್ಮ ಮನೆಯ ಕೊಳವೆಬಾವಿ ನೀರು ತುಂಬಿದ ಶೀಶೆಯಲ್ಲಿ ಹಾಕಿಟ್ಟು ಇಂದಿಗೆ ಒಂಬತ್ತು ದಿನ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಕುಲುಕುತ್ತೇನೆ. ನೀರು ಇನ್ನೂ ತಿಳಿಯಾಗಿದೆ. ಮೊದಲ ತಂಡದ ಕಾಳು ಎರಡನೆಯ ದಿನಕ್ಕೇ ನೀರನ್ನು ಹಾಲಿನಂತೆ ಮಾಡಿತ್ತು. ಕೊಳವೆಗೆ ತುಂಬುವುದು ಮುಂದಿನ ವಾರ.

ಹಳೇ ಮೇಷ್ಟ್ರು, ಮಂಡ್ಯ

ಕೊಳವೆಯಿಂದ ಇಳಿದ ನೀರಿನಲ್ಲಿ ಫ್ಲೋರೈಡ್ ಎಷ್ಟು ಉಳಿಯಿತೆಂದು ಇಲ್ಲೇ ಬರೆಯಮ್ಮ. ಲೀಟರಿಗೆ 1 ಮಿಲಿಗ್ರಾಂ ಒಳಗೆ ಬಂದರೆ ಪೇಡಾ ನಾನೇ ತರುತ್ತೇನೆ.